ಅಣ್ಣಯ್ಯನ ಕಾಲಿಗೆ ರೈಟ್ ಕೊಟ್ಟದ್ದು

ಇವತ್ತು ಬೆಳಿಗ್ಗೆ ಹಿತ್ತಿಲ ಬೇಲಿಗೆ ಹಬ್ಬಿದ್ದ ಬಳ್ಳಿಯೊಂದನ್ನು ಎಳೆಯಲು ಹೋಗಿ ನನ್ನ ಬಲಗೈ ಮೊಣಕೈಯವರೆಗೆ ಉರಿಯತೊಡಗಿತು. ನೋಡಿದರೆ ನಸುಗುನ್ನಿ. ನಿಮಗೆ ಗೊತ್ತಿರಬಹುದು, ಅದರ ಕಾಯಿಯ ಮೇಲೆ ಕಂದು ಬಣ್ಣದ ಮಖಮಲ್ಲು ಹೊದಿಸಿದಂತೆ ಇರುತ್ತದೆ, ನೋಡುವುದಕ್ಕೆ ಬಹಳ ಸಾಧು. ಆ ರೋಮ ಒಂದು ಚೂರು ಮೈಗೆ ತಾಗಿತೋ ಮುಗಿಯಿತು, ಎಂಥ ಗೌರವಸ್ಥರೂ ಮರ್ಯಾದೆ ಮರೆತು ಕೆರೆದುಕೊಳ್ಳಬೇಕು. ಗೊತ್ತಿಲ್ಲದವರು ದಯವಿಟ್ಟು ಪರೀಕ್ಷೆ ಮಾಡಲು ಹೋಗಬೇಡಿ. ನಾನು ಒಲೆಬೂದಿ ತಿಕ್ಕಿ, ಮೇಲಿಂದ ಮಜ್ಜಿಗೆ ಸುರಿದುಕೊಂಡು, ಕೆರೆತದ ನಡುನಡುವೆ ಇದನ್ನು ಬರೆಯುತ್ತಿದ್ದೇನೆ. ನನ್ನ ಅವಸ್ಥೆಯನ್ನು ಬೇಲಿಯಾಚೆಯಿಂದ ನೋಡಿದ ಅತ್ತಿಗೆ ನಕ್ಕೂ ನಕ್ಕೂ ಸುಸ್ತಾಗಿ, "ಬೈಬೇಡ್ವೇ ಅದಕ್ಕೆ, ಅದು ಔಷಧಿ" ಎಂದಳು. ಅಷ್ಟು ಸಾಕಾಯಿತು. ಅಣ್ಣಯ್ಯನ ಕಾಲಿನ ಪ್ರಕರಣವೆಲ್ಲ ಮೊದಲಿನಿಂದ ನೆನಪಾಗಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಅಣ್ಣಯ್ಯ ನನ್ನ ಒಡಹುಟ್ಟಿದ ಅಣ್ಣ. ಊರಿಗೆಲ್ಲ ಕಂಡಕ್ಟರ್ ತಿಮ್ಮಣ್ಣ. ನಾವಿಬ್ಬರೂ ಹೊಸನಗರದಲ್ಲಿ ಅಕ್ಕಪಕ್ಕದ ಮನೆಗಳಲ್ಲಿದ್ದೇವೆ; ನನ್ನದು ಹೊಲಿಗೆ ಮಷಿನ್ನಿನ ಸಂಸಾರ, ಅವನದು ಅತ್ತಿಗೆಯ ಜೊತೆಗಿನದು. ಬೆಳಿಗ್ಗೆ ಸಾಗರದಿಂದ ಹೊರಟು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗಿ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು ಬರುವ ಖಾಸಗಿ ಬಸ್ಸಿನಲ್ಲಿ ಅವನು ಆಯುಷ್ಯದ ಬಹುಭಾಗವನ್ನು ನಿಂತೇ ಕಳೆದ. ನಿಂತೇ ಎಂದೆ, ಗಮನಿಸಿ. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ತಿರುವುಗಳಲ್ಲಿ ನಾವೆಲ್ಲ ಸರಳು ಹಿಡಿದು, ಅದು ಸಿಗದಿದ್ದರೆ ಪಕ್ಕದವರ ಭುಜ ಹಿಡಿದು, ಅದೂ ಸಿಗದಿದ್ದರೆ ದೇವರ ಹೆಸರು ಹಿಡಿದು ಓಲಾಡುತ್ತಿದ್ದರೆ, ಇವನು ಏನನ್ನೂ ಹಿಡಿಯದೆ, ಬೆರಳ ಸಂದಿಗೆ ನೋಟುಗಳನ್ನು ಸಿಕ್ಕಿಸಿಕೊಂಡು, ಟಿಕೆಟ್ ಹರಿಯುತ್ತಾ ಹಿಂದಿನಿಂದ ಮುಂದಕ್ಕೆ ನಡೆದುಬಿಡುತ್ತಿದ್ದ. ಚಿಕ್ಕವಳಿದ್ದಾಗ ಅದನ್ನು ನೋಡಿ ನನ್ನ ಅಣ್ಣನಿಗೆ ಏನೋ ವಿದ್ಯೆ ಗೊತ್ತಿದೆ ಎಂದೇ ನಂಬಿದ್ದೆ.

ಇನ್ನು ಅವನ ಸ್ವರ. ಸಾಗರದ ಸ್ಟ್ಯಾಂಡಿನಲ್ಲಿ ನಿಂತು, "ಬಟ್ಟೆಮಲ್ಲಪ್ಪ, ಹೊಸನಗರ, ರಿಪ್ಪನ್‌ಪೇಟೆ, ಹುಂಚ, ಕೋಣಂದೂರು, ತೀರ್ಥಹಳ್ಳಿ" ಎಂದು ಒಂದೇ ಉಸಿರಿನಲ್ಲಿ ಕೂಗಿದನೆಂದರೆ ಮೂರು ತಾಲ್ಲೂಕು ಒಟ್ಟಿಗೆ ಕಣ್ಣ ಮುಂದೆ ಬರುತ್ತಿದ್ದವು. ಹೋಟೆಲಿನಲ್ಲಿ ಅರ್ಧ ದೋಸೆ ಬಿಟ್ಟು ಜನ ಓಡಿಬರುತ್ತಿದ್ದರು. ಈಗಿನ ಬಸ್ಸುಗಳಲ್ಲಿ ದೀಪದ ಬೋರ್ಡು ಇದೆ, ಒಳಗೆ ಹಾಡು ಇದೆ, ಕೂಗುವವರು ಕಡಿಮೆ. ಬೋರ್ಡು ಓದಿಕೊಂಡು ಬಸ್ಸು ಹತ್ತುವುದರಲ್ಲಿ ಏನು ಸುಖವಿದೆಯೋ ನನಗಂತೂ ತಿಳಿಯದು. ಇರಲಿ, ನಾನು ಹೇಳಹೊರಟದ್ದು ಬೇರೆ.

ಕಾಯಿಲೆ ಬಂದಾಗ ಅದು ತನ್ನ ಹೆಸರು ಹೇಳಿಕೊಂಡು ಬರಲಿಲ್ಲ. ಮೊದಲು ಅಣ್ಣಯ್ಯನ ಮೂಗು ಹೋಯಿತು. ಹಲಸಿನ ಹಣ್ಣು ಕೊಯ್ದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಇವನಿಗೆ ಮುಂದೆ ತಂದಿಟ್ಟರೂ ಗೊತ್ತಾಗುತ್ತಿರಲಿಲ್ಲ. "ಡೀಸೆಲ್ ಹೊಗೆ ಕುಡ್ದೂ ಕುಡ್ದೂ ಮೂಗು ಸತ್ತಿದೆ ಬಿಡು" ಎಂದ. ನಿದ್ದೆಯಲ್ಲಿ ಕೂಗತೊಡಗಿದ, ಅತ್ತಿಗೆಗೆ ಒದೆಯೂ ಬಿತ್ತು. ಕನಸಲ್ಲಿ ಬಸ್ಸು ಹತ್ತಿಸುತ್ತಿದ್ದಾನೆ ಎಂದು ನಕ್ಕೆವು. ಕೆಲಸ ಬಿಟ್ಟ ಮೇಲೆ ಸ್ವರ ತಗ್ಗಿತು. ವಿಶ್ರಾಂತಿ ಸಿಕ್ಕಿ ಮನುಷ್ಯ ಶಾಂತನಾದ ಎಂದುಕೊಂಡೆವು. ಮುಖದಲ್ಲಿ ನಗು ಕಾಣದಾಯಿತು, ರೆಪ್ಪೆ ಮಿಟುಕಿಸುವುದೂ ಅಪರೂಪವಾಯಿತು. ದುಡ್ಡು ಕೂಡಿಟ್ಟ ಗತ್ತು ಎಂದು ಸಂಬಂಧಿಕರು ಮಾತಾಡಿಕೊಂಡರು. ಆಮೇಲೆ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತನ್ನಷ್ಟಕ್ಕೆ ಉಜ್ಜತೊಡಗಿತು. ಕೈ ಸುಮ್ಮನಿದ್ದಾಗ ಮಾತ್ರ. ಲೋಟಕ್ಕೆ ಕೈ ಚಾಚಿದರೆ ನಿಂತುಹೋಗುತ್ತಿತ್ತು. ಅಣ್ಣಯ್ಯ ಇನ್ನೂ ಟಿಕೆಟ್ ಹರಿಯುತ್ತಿದ್ದಾನೆ ಎಂದು ಇಡೀ ಕೇರಿ ಪ್ರೀತಿಯಿಂದ ತಮಾಷೆ ಮಾಡಿತು. ನಾನೂ ಮಾಡಿದೆ. ಬಂದ ನೆಂಟರಿಗೆಲ್ಲ ಅದನ್ನು ತೋರಿಸಿ ನಗಿಸುತ್ತಿದ್ದೆ. ಕಂಡಕ್ಟರನ ಮನೆಯವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ಪ್ರತಿಯೊಂದು ಲಕ್ಷಣಕ್ಕೂ ನಮ್ಮ ಹತ್ತಿರ ಬಸ್ಸಿನ ಕಾರಣ ಸಿದ್ಧವಾಗಿತ್ತು.

ಬಸ್ಸಿನಲ್ಲೇ ಅದು ಬಯಲಿಗೆ ಬಂತು. ಒಂದು ದಿನ ಅಣ್ಣಯ್ಯ ಹೊಸನಗರದ ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಲು ಹೋದ. ಬಾಗಿಲಿನ ಸರಳು ಹಿಡಿದ, ಕಾಲು ಎತ್ತಬೇಕು, ಎತ್ತಲಾಗಲಿಲ್ಲ. ಪಾದ ನೆಲಕ್ಕೆ ಅಂಟಿಕೊಂಡಿತು. ಮೈ ಮುಂದಕ್ಕೆ ವಾಲಿದೆ, ಕಾಲು ಮಾತ್ರ ಬರುತ್ತಿಲ್ಲ. ಹಿಂದಿನವರು ಮೊದಲು ಕಾದರು, ಆಮೇಲೆ ತಳ್ಳಿದರು. ಯಾರೋ ಒಬ್ಬ, "ಅಜ್ಜಂಗೆ ಬೆಳಿಗ್ಗೇನೇ ಜಾಸ್ತಿ ಆಗಿದೆ" ಎಂದ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವನು ಅಣ್ಣಯ್ಯ. ಕುಡಿದು ಬಂದವರನ್ನು ಅದೇ ಬಾಗಿಲಲ್ಲಿ ಇಳಿಸಿದವನು. ಆಟೋದಲ್ಲಿ ಮನೆಗೆ ಬಂದವನೇ ಜಗಲಿಯಲ್ಲಿ ಕೂತು, "ಇನ್ನು ನಾನು ಬಸ್ ಹತ್ತಲ್ಲ" ಎಂದ. ಅತ್ತಿಗೆಯೂ ನಾನೂ ಮುಖ ಮುಖ ನೋಡಿಕೊಂಡೆವು. ಮನೆಯಿಂದ ಬಸ್ಸು, ಬಸ್ಸಿಂದ ಮನೆ ಎಂದು ಬದುಕಿದವನು ಹಾಗೆ ಹೇಳಿದರೆ ಉಳಿಯುವುದೇನು? ಆ ಮಾತು ಕೇಳಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇವನನ್ನು ಮತ್ತೆ ಬಸ್ಸು ಹತ್ತಿಸದೆ ನಾನು ಸುಮ್ಮನಿರುವುದಿಲ್ಲ ಎಂದು ಅಲ್ಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಶಿವಮೊಗ್ಗದ ನರರೋಗದ ಡಾಕ್ಟರ್ ಮೇಡಂ ಅಣ್ಣಯ್ಯನನ್ನು ನಡೆಸಿದರು, ಬೆರಳು ಬಡಿಸಿದರು, ಕೈ ಮಡಚಿ ಬಿಡಿಸಿ ನೋಡಿದರು. ಪಾರ್ಕಿನ್ಸನ್ ಕಾಯಿಲೆ ಎಂದರು. ಮಿದುಳಿನಲ್ಲಿ ಡೋಪಮಿನ್ ಎಂಬ ಒಂದು ರಾಸಾಯನಿಕ ತಯಾರಾಗುತ್ತದಂತೆ. ಅದನ್ನು ಮಾಡುವ ಜೀವಕೋಶಗಳು ಕಡಿಮೆಯಾಗುತ್ತ ಬಂದರೆ, ನಾವು ಯೋಚಿಸದೆ ಮಾಡುವ ಕೆಲಸಗಳೆಲ್ಲ, ಅಂದರೆ ನಡಿಗೆ, ಸ್ವರ, ಮುಖದ ಮೇಲಿನ ನಗು, ಎಲ್ಲವೂ ನಿಧಾನವಾಗುತ್ತವಂತೆ. ಮೂಗಿನದೂ ನಿದ್ದೆಯದೂ ಇದೇ ಬಳಗಕ್ಕೆ ಸೇರಿದ್ದಂತೆ. ಎಷ್ಟೋ ಸಲ ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಬರುತ್ತವಂತೆ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಅಣ್ಣಯ್ಯ ಪಿಸುಸ್ವರದಲ್ಲಿ, "ಹಂಗಾರೆ ಇಂಜಿನ್ ಸರಿ ಇದೆ, ಸ್ಟಾರ್ಟ್ ಮಾಡೋ ಸೆಲ್ಫ್ ಹೋಗಿದೆ ಅಲ್ವಾ ಮೇಡಂ" ಎಂದ.

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. "ನಾನು ಇಷ್ಟು ಚೆನ್ನಾಗಿ ಯಾರಿಗೂ ಹೇಳಿಲ್ಲ" ಎಂದರು.

"ವಾಸಿ ಆಗ್ತದಾ?" ಅತ್ತಿಗೆ ಕೇಳಿದಳು.

"ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಇಲ್ಲಮ್ಮ. ಹತೋಟಿಯಲ್ಲಿ ಇಡಬಹುದು. ಅರ್ಧ ಕೆಲಸ ಮಾತ್ರೆ ಮಾಡುತ್ತೆ. ಉಳಿದರ್ಧ ಇವರು ಮೈ ಬಗ್ಗಿಸಿ ಮಾಡಬೇಕು. ವ್ಯಾಯಾಮ, ನಡಿಗೆ, ಜೋರಾಗಿ ಮಾತಾಡೋದು. ಮನೇಲಿ ಕೂರಿಸಿದ್ರೆ ಮಾತ್ರ ಕೆಟ್ಟಿತು."

ಮಾತ್ರೆಗೂ ಒಂದು ಗತ್ತು ಇತ್ತು. ನಮ್ಮಲ್ಲಿ ಯಾವ ಮಾತ್ರೆಯನ್ನಾದರೂ ಖಾಲಿ ಹೊಟ್ಟೆಗೆ ಕೊಡುವುದುಂಟೇ? ಅತ್ತಿಗೆ ಅದನ್ನು ಗಟ್ಟಿ ಹಾಲಿನ ಜೊತೆಗೋ ಮೊಸರನ್ನದ ಮೇಲೆಯೋ ನುಂಗಿಸುತ್ತಿದ್ದಳು. ಮಾತ್ರೆ ಹತ್ತುತ್ತಿಲ್ಲ ಎಂದು ನಾನು ಡಾಕ್ಟರಿಗೆ ಫೋನು ಮಾಡಿದಾಗ ಗುಟ್ಟು ತಿಳಿಯಿತು: ಹಾಲು, ಮೊಸರು, ಬೇಳೆಯಲ್ಲಿರುವ ಪ್ರೋಟೀನು ಈ ಮಾತ್ರೆಯ ದಾರಿಗೆ ಅಡ್ಡ ನಿಲ್ಲುತ್ತದಂತೆ. ಊಟಕ್ಕೆ ಅರ್ಧ ಗಂಟೆ ಮೊದಲು, ಬರೀ ನೀರಿನಲ್ಲಿ, ದಿನವೂ ಅದೇ ಹೊತ್ತಿಗೆ ಕೊಡಿ ಎಂದರು. ಹಾಗೆ ಮಾಡಿದ ಮೇಲೆ ಅಣ್ಣಯ್ಯ ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡ. ಗುಂಡಿ ಹಾಕುವುದನ್ನು ನೋಡಿ ಕುಣಿಯುವ ಮಟ್ಟಕ್ಕೆ ನಾನು ಬಂದಿದ್ದೆ. ನನ್ನ ಬುದ್ಧಿಯೇ ಹಾಗೆ, ಒಂದು ಚೂರು ಸಿಕ್ಕರೆ ಊರು ಒಂದು ಮಾಡುತ್ತೇನೆ. ಮೊಬೈಲಿನಲ್ಲಿ ಪಾರ್ಕಿನ್ಸನ್ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ಅಣ್ಣಯ್ಯನ ಮೇಲೆ ಪ್ರಯೋಗಿಸಿದೆ. ಎಳ್ಳೆಣ್ಣೆ ತಿಕ್ಕಿಸಿದೆ; ಬೆನ್ನು ಹಗುರಾಯಿತು ಎಂದ. ಕುರ್ಚಿಯಲ್ಲಿ ಕೂತು ಮಾಡುವ ಯೋಗ ಮಾಡಿಸಿದೆ. ಮಾಡುತ್ತಾ ನಿದ್ದೆ ಹೋದ. ಕಣ್ಣು ಮುಚ್ಚಿ ಶಾಂತವಾಗಿ ಉಸಿರಾಡು ಎಂದರೆ, "ಶಾಂತವಾಗಿ ಇರೋದೇ ನನ್ನ ಕಾಯಿಲೆ ಕಣೆ" ಎಂದ.

ಈಗ ನಸುಗುನ್ನಿಗೆ ಬರುತ್ತೇನೆ. ಕಂಪವಾತಕ್ಕೆ, ಅಂದರೆ ಇಂಥ ನಡುಕದ ಕಾಯಿಲೆಗೆ, ನಸುಗುನ್ನಿ ಬೀಜ ಹಳೆಯ ಔಷಧಿ ಎಂದು ಅತ್ತಿಗೆಗೆ ಅವಳ ತವರಿನ ಕಡೆಯ ಯಾರೋ ಹೇಳಿದರು. ಹೇಳಿದವರು ಬೀಜವನ್ನು ಹೇಗೆ ಶುದ್ಧ ಮಾಡಬೇಕೆಂದು ಹೇಳಲಿಲ್ಲ, ಇವಳೂ ಕೇಳಲಿಲ್ಲ. ಗುಡ್ಡದ ಬದಿಯಿಂದ ಒಂದು ಬುಟ್ಟಿ ಕಾಯಿ ತಂದು, ರೋಮ ಸಮೇತ ಜಗಲಿಯ ಮೇಲೆ ಬಿಸಿಲಿಗೆ ಹರವಿದಳು. ಅಣ್ಣಯ್ಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಗಾಳಿ ಬೀಸಿತು. ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಒಳಮನೆಯಿಂದ ಬಚ್ಚಲಿಗೆ ಹೋಗಲು ಅರ್ಧ ಗಂಟೆ ಬೇಕಾಗುತ್ತಿದ್ದ ಮನುಷ್ಯ ಕುರ್ಚಿ ಕೆಡವಿ ಎದ್ದು, ಪಂಚೆ ಎತ್ತಿ ಹಿಡಿದು, ಅಂಗಳ ದಾಟಿ, ಬಚ್ಚಲಿನ ಹಂಡೆಯ ನೀರನ್ನೆಲ್ಲ ಮೈಮೇಲೆ ಸುರಿದುಕೊಂಡುಬಿಟ್ಟ. ಅತ್ತಿಗೆ ಎರಡೂ ಕೈಯಲ್ಲಿ ಕುತ್ತಿಗೆ ಕೆರೆಯುತ್ತಾ, "ನೋಡ್ದ್ಯಾ? ಇನ್ನೂ ತಿಂದೇ ಇಲ್ಲ, ಆಗ್ಲೇ ಕೆಲ್ಸ ಮಾಡ್ತು" ಎಂದಳು. ನನಗೆ ನಗು ತಡೆಯಲಾಗದೆ ಅಂಗಳದಲ್ಲೇ ಕೂತುಬಿಟ್ಟೆ.

ಆದರೆ ಕಥೆ ನಗುವಿನಲ್ಲಿ ನಿಲ್ಲಲಿಲ್ಲ. ಅವಳು ಬೀಜವನ್ನು ಹುರಿದು ಪುಡಿ ಮಾಡಿ, ನಮಗಾರಿಗೂ ಹೇಳದೆ, ಮಾತ್ರೆಯ ಜೊತೆಗೆ ಅದನ್ನೂ ಕೊಡತೊಡಗಿದಳು. ಕೆಲವೇ ದಿನಗಳಲ್ಲಿ ಅಣ್ಣಯ್ಯನ ಕುತ್ತಿಗೆ, ಭುಜ ತಾವಾಗಿ ಹೊರಳಾಡತೊಡಗಿದವು. ಎದ್ದು ನಿಂತವನು ತಲೆ ತಿರುಗಿ ಬಾಗಿಲ ಮೇಲೆ ಬಿದ್ದ. ಹಣೆಗೆ ಹೊಲಿಗೆ ಬಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತಿಗೆ ನಡುಗುವುದನ್ನು ನೋಡಿದರೆ ಕಾಯಿಲೆ ಯಾರಿಗೆ ಎಂದು ಅನುಮಾನ ಬರಬೇಕು. ಪುಡಿಯ ವಿಷಯವನ್ನು ಅವಳೇ ಅಳುತ್ತಾ ಒಪ್ಪಿಕೊಂಡಳು. ಡಾಕ್ಟರು ಅವಳಿಗೆ ಬಯ್ಯಲಿಲ್ಲ, ಅದಕ್ಕೆ ನಾನು ಅವರನ್ನು ಇವತ್ತಿಗೂ ನೆನೆಯುತ್ತೇನೆ. "ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲಮ್ಮ. ನಾನು ಕೊಡೋ ಮಾತ್ರೆಯಲ್ಲಿರೋದೇ ಆ ಬೀಜದಲ್ಲೂ ಇದೆ. ಅದಕ್ಕೇ ತೊಂದರೆ ಆಗಿದ್ದು. ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎರಡೂ ಸೇರಿ ಹೆಚ್ಚಾಯ್ತು. ಏನೇ ಕೊಡೋದಿದ್ರೂ ನನ್ನ ಒಂದು ಮಾತು ಕೇಳಿ ಕೊಡಿ" ಎಂದರು. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ತಲೆಯಾಡಿಸಿದಳು. ಪುಡಿಯ ಡಬ್ಬಿ ತಿಪ್ಪೆಗೆ ಹೋಯಿತು.

ಡಾಕ್ಟರು ನಮ್ಮನ್ನು ತೀರ್ಥಹಳ್ಳಿಗೆ ಕಳಿಸಿದರು. ಅಲ್ಲಿ ಫಿಸಿಯೋಥೆರಪಿ ಮಾಡಿಸುವ ಒಬ್ಬ ಮೇಡಂ ಇದ್ದರು, ವಾರಕ್ಕೊಂದು ದಿನ ಇದೇ ಕಾಯಿಲೆಯವರನ್ನು ಒಟ್ಟಿಗೆ ಸೇರಿಸಿ ವ್ಯಾಯಾಮ ಹೇಳಿಕೊಡುತ್ತಿದ್ದರು. ಹೋಗುವುದು ಹೇಗೆ? ಬಸ್ಸು ಎಂದರೆ ಅಣ್ಣಯ್ಯ ಬಾಯಿಗೆ ಬೀಗ ಹಾಕಿಕೊಂಡ. ಬಾಡಿಗೆ ಕಾರು ಮಾಡಿದೆವು. ಜೀವನವಿಡೀ ಬಸ್ಸಿನಲ್ಲಿ ಓಡಾಡಿದ ಕಂಡಕ್ಟರನಿಗೆ ಕಾರಿನಲ್ಲಿ ಕೋಣಂದೂರು ದಾಟುವಷ್ಟರಲ್ಲಿ ವಾಂತಿ. "ನಿಂತ್ಕೊಂಡು ಹೋದ್ರೆ ಹಿಂಗೆಲ್ಲ ಆಗಲ್ಲ" ಎಂದು ಗೊಣಗಿದ. ಬಸ್ಸು ನಮ್ಮನ್ನು ದಾಟಿ ಹೋದಾಗ ಕಿಟಕಿಗೆ ಮುಖ ಒತ್ತಿ, ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ನೋಡಿದ್ದರೆ ಇಬ್ಬರೂ ಅಳುತ್ತಿದ್ದೆವು.

ಮೇಡಂ ಹೆಜ್ಜೆ ದೊಡ್ಡದಾಗಿ ಹಾಕಲು ಕಲಿಸಿದರು, ಕೈ ಬೀಸಲು ಕಲಿಸಿದರು. ಹೊಟ್ಟೆಯಿಂದ ಉಸಿರು ತೆಗೆದು ಜೋರಾಗಿ "ಆ" ಎನ್ನಬೇಕು ಎಂದರು. ಕಾಲು ಅಂಟಿಕೊಂಡಾಗ ಎಳೆಯಬಾರದು, ನಿಂತು ಉಸಿರು ತೆಗೆದುಕೊಂಡು, ಒಂದು ಎರಡು ಎಂದು ಎಣಿಸಿ ಹೆಜ್ಜೆ ಇಡಿಸಬೇಕು ಎಂದರು. ಮನೆಗೆ ಬಂದು ನಾನು ಒಂದು ಎರಡು ಎಂದು ಎಣಿಸಿದ್ದೇ ಬಂತು. ಅಣ್ಣಯ್ಯ ಒಳ್ಳೆಯ ವಿದ್ಯಾರ್ಥಿಯ ಹಾಗೆ ನನ್ನ ಎಣಿಕೆಯನ್ನು ಕೇಳುತ್ತಿದ್ದ, ಕಾಲು ಮಾತ್ರ ಕೇಳುತ್ತಿರಲಿಲ್ಲ.

ಆ ದಿನ ಅಡಿಗೆಮನೆಯ ಬಾಗಿಲಲ್ಲಿ ಅವನು ಹಾಗೇ ನಿಂತುಬಿಟ್ಟ. ಬಾಗಿಲು ಕಂಡರೆ ಈ ಕಾಯಿಲೆಯವರ ಕಾಲಿಗೆ ಏನೋ ಅಂಜಿಕೆ. ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಅತ್ತಿಗೆ ಬಾಗಿಲ ಆಚೆ ಇದ್ದಾಳೆ, ನಡುವೆ ಇವನು. ಅವಳು ಕೈ ಹಿಡಿದು ಎಳೆಯತೊಡಗಿದಳು. "ಅತ್ತಿಗೆ, ಎಳೀಬೇಡ" ಎಂದೆ. ಅವಳು ಬಿಡಲಿಲ್ಲ. ಒಂದು ಎರಡು ಎಂದೆ. ಇವನು ಕದಲಲಿಲ್ಲ. ಹಾಲು ಉಕ್ಕಿ ಒಲೆ ಆರಿತು. ನನಗೆ ಎಲ್ಲಿತ್ತೋ ಸಿಟ್ಟು, ಅವನ ಬೆನ್ನ ಹಿಂದೆ ನಿಂತು ಬಸ್ಸು ಹೊರಡಿಸಲು ಹಿಂಬದಿಯಿಂದ ಕೂಗುವ ಕಂಡಕ್ಟರನ ಹಾಗೆ, "ರೈಟ್, ಹೋಗ್ಲಿ" ಎಂದು ಕಿರುಚಿದೆ.

ಅಣ್ಣಯ್ಯನ ಬಲಗಾಲು ಎದ್ದಿತು. ಎಡಗಾಲು ಎದ್ದಿತು. ಹೊಸಿಲು ದಾಟಿ ಒಲೆಯವರೆಗೆ ಹೋಗಿ ಹಾಲಿನ ಪಾತ್ರೆಯ ಮುಂದೆ ನಿಂತ.

ಅಣ್ಣಯ್ಯ ತನ್ನ ಪಾದಗಳನ್ನು ಯಾರದೋ ಪಾದಗಳೆಂಬಂತೆ ನೋಡಿದ. "ಇನ್ನೊಂದ್ಸಲ ಹೇಳೇ" ಎಂದ. ಹೇಳಿದೆ. ತಿರುಗಿ ಬಾಗಿಲು ದಾಟಿ ಬಂದ. ಮತ್ತೆ ಹೇಳಿದೆ, ಮತ್ತೆ ದಾಟಿದ. "ಹೋಲ್ಡಾನ್" ಎಂದರೆ ನಿಂತ. ಅತ್ತಿಗೆ ಸುಟ್ಟ ಹಾಲಿನ ವಾಸನೆಯ ನಡುವೆ ಚಪ್ಪಾಳೆ ತಟ್ಟುತ್ತಿದ್ದಾಳೆ, ನಾನು ರೈಟ್ ಹೋಲ್ಡಾನ್ ಎನ್ನುತ್ತಾ ಅವನ ಹಿಂದೆ ಮನೆಯೆಲ್ಲ ಸುತ್ತುತ್ತಿದ್ದೇನೆ. ಆ ಸಂತೋಷವನ್ನು ಹೇಗೆ ಹೇಳಲಿ? ನನ್ನ ಮದುವೆಯ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ. ತೀರ್ಥಹಳ್ಳಿಯ ಮೇಡಂಗೆ ಫೋನು ಹಚ್ಚಿ ಒಂದೇ ಉಸಿರಿಗೆ ಎಲ್ಲ ಒದರಿದೆ. ಅವರು ಸಮಾಧಾನವಾಗಿ, "ಒಳಗಿನಿಂದ ಹೊರಡು ಅನ್ನೋ ಆಜ್ಞೆ ಬರದೇ ಇದ್ದಾಗ ಹೊರಗಿನಿಂದ ಕೊಟ್ಟರೆ ಕಾಲು ಕೇಳುತ್ತೆ. ಕೆಲವರಿಗೆ ತಾಳ, ಕೆಲವರಿಗೆ ನೆಲದ ಮೇಲೆ ಗೆರೆ. ನಿಮ್ಮ ಅಣ್ಣಂದು ಯಾವುದು ಅಂತ ನನಗೆ ಹೊಳೀಲಿಲ್ಲ, ನಿಮಗೆ ಹೊಳೀತು" ಎಂದರು. ಹೊಳೆದದ್ದಲ್ಲ, ಸಿಟ್ಟು ಬಂದದ್ದು ಎಂದು ನಾನು ಹೇಳಲಿಲ್ಲ. ಸಿಕ್ಕ ಹೊಗಳಿಕೆಯನ್ನು ಯಾರು ಬಿಡುತ್ತಾರೆ?

ಸ್ವರದ ಅಭ್ಯಾಸಕ್ಕೂ ಅದೇ ದಾರಿ ಹಿಡಿದೆವು. "ಆ" ಎನ್ನಲು ನಾಚುತ್ತಿದ್ದವನನ್ನು ಬೆಳಿಗ್ಗೆ ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿ ಸ್ಟಾಪುಗಳನ್ನು ಕೂಗಿಸಿದೆ. ಮೊದಮೊದಲು ಬಟ್ಟೆಮಲ್ಲಪ್ಪಕ್ಕೇ ಉಸಿರು ಮುಗಿಯುತ್ತಿತ್ತು. ನಾನು ಗೇಟಿನ ಹತ್ತಿರ ನಿಂತು, "ನಂಗೆ ಕೇಳ್ಲಿಲ್ಲ, ಬಸ್ ತಪ್ಪಿಹೋಯ್ತು" ಎನ್ನುತ್ತಿದ್ದೆ. ಅವನಿಗೆ ರೇಗುತ್ತಿತ್ತು, ರೇಗಿದರೆ ಸ್ವರ ಏರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ರಿಪ್ಪನ್‌ಪೇಟೆ ದಾಟಿದ. ಚಳಿ ಶುರುವಾದಾಗ ಒಂದು ದಿನ ಕೋಣಂದೂರು ತಲುಪಿದ. ರಸ್ತೆಯಲ್ಲಿ ಚೀಲ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು ಗಕ್ಕನೆ ನಿಂತು ಹಿಂದೆ ಮುಂದೆ ನೋಡಿ, "ಬಸ್ ಬಂತಾ?" ಎಂದು ಕೇಳಿದಳು. ಅಣ್ಣಯ್ಯ ಆ ದಿನ ಊಟದ ಹೊತ್ತಿನಲ್ಲಿ ತಾನಾಗಿಯೇ ಹೇಳಿದ, "ಮುಂದಿನ ವಾರ ಕಾರು ಬೇಡ. ಬಸ್ಸಲ್ಲೇ ಹೋಗ್ತೀನಿ."

ಹೊಸನಗರದ ಸ್ಟ್ಯಾಂಡಿಗೆ ನಾನೂ ಅವನೂ ಹೋದೆವು. ಒಪ್ಪಂದವೆಂದರೆ, ಬಾಗಿಲಲ್ಲಿ ಕಾಲು ಅಂಟಿದರೆ ನಾನು ಅವನ ಕಿವಿಯಲ್ಲಿ ಮೆಲ್ಲಗೆ ರೈಟ್ ಹೇಳಬೇಕು. ಬಸ್ಸು ಬಂದು ನಿಂತಿತು, ಜನ ಹತ್ತಿದರು. ಅಣ್ಣಯ್ಯ ಸರಳು ಹಿಡಿದ. ಕಾಲು ಅಂಟಿತು. ಹಿಂದೆ ನಾಲ್ಕಾರು ಜನ ಕಾಯುತ್ತಿದ್ದರು. ಒಳಗಿದ್ದವರು ಕಿಟಕಿಯಿಂದ ಬಗ್ಗಿ ನೋಡಿದರು. ನಾನು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಇಡೀ ದಿನ ವಟಗುಟ್ಟುವ ನನಗೆ ಅಷ್ಟು ಜನರ ಕಣ್ಣ ಮುಂದೆ ಕೂಗಲು ನಾಚಿಕೆಯಾಯಿತು. ಅಣ್ಣಯ್ಯ ನನ್ನತ್ತ ನೋಡಿದ, ನಾನು ಅವನತ್ತ ನೋಡಿದೆ. ನನ್ನಿಂದ ಆಗುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಹೊಟ್ಟೆಯಿಂದ ಉಸಿರು ತೆಗೆದ. "ರೈಟ್, ಹೋಗ್ಲಿ" ಎಂದು ತಾನೇ ಕೂಗಿದ.

ಸ್ಟ್ಯಾಂಡಿನ ಆ ಬದಿಗೂ ಕೇಳಿರಬೇಕು. ಅಣ್ಣಯ್ಯನ ಕಾಲು ಎದ್ದಿತು. ಅಷ್ಟರಲ್ಲಿ ಬಸ್ಸೂ ಹೊರಟಿತು.

ಡ್ರೈವರಿಗೆ ಏನು ಗೊತ್ತು ಪಾಪ. ರೈಟ್ ಬಿತ್ತು, ಅವನು ಗೇರ್ ಹಾಕಿದ. ಕಾಯುತ್ತಿದ್ದವರು ಹೊರಗೆ, ನಾವು ಹೊರಗೆ, ಎಲ್ಲಕ್ಕಿಂತ ಮುಖ್ಯವಾಗಿ ಆ ಬಸ್ಸಿನ ಕಂಡಕ್ಟರ್ ಹೊರಗೆ. ಅವನು ಟೀ ಅಂಗಡಿಯಿಂದ ಲೋಟ ಹಿಡಿದುಕೊಂಡೇ ಓಡಿಬಂದ. ಅಣ್ಣಯ್ಯನ ಕೈಯಿಂದ ಸರಳು ಜಾರಿಹೋಗಿತ್ತು. ಬಿದ್ದೇಬಿಟ್ಟ ಎಂದುಕೊಂಡೆ. ಅವನು ಬೀಳಲಿಲ್ಲ. "ಹೋಲ್ಡಾನ್" ಎಂದ, ಹಳೆಯ ಅಧಿಕಾರದ ಸ್ವರದಲ್ಲಿ. ಬಸ್ಸು ಸ್ವಲ್ಪ ಮುಂದೆ ಹೋಗಿ ಗಕ್ಕನೆ ನಿಂತಿತು. ಮತ್ತೆ ಅಣ್ಣಯ್ಯ ನಡೆದ. ನಡೆದ ಎಂದರೆ ಸಾಲದು, ಬಸ್ಸು ತನ್ನನ್ನು ಬಿಟ್ಟು ಹೊರಟಿತು ಎಂದು ಕಂಡಕ್ಟರ್ ಹೇಗೆ ಹೋಗುತ್ತಾನೋ ಹಾಗೆ ಹೋದ. ದೊಡ್ಡ ಹೆಜ್ಜೆ, ಬೀಸುವ ಕೈ. ಸರಳು ಹಿಡಿದು, ಮೆಟ್ಟಿಲು ಹತ್ತಿ, ತಿರುಗಿ ನಿಂತ.

ನಿಂತಲ್ಲೇ ಅಂಟಿಕೊಂಡವಳು ನಾನು. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

"ಏನೇ, ನಿಂಗೂ ರೈಟ್ ಕೊಡ್ಬೇಕಾ?" ಬಾಗಿಲಲ್ಲಿ ನಿಂತು ಅಣ್ಣಯ್ಯ ಕೇಳಿದ. ಬಸ್ಸೆಲ್ಲ ನಕ್ಕಿತು.

ಡ್ರೈವರು ಸೀಟಿನಿಂದ ತಿರುಗಿ, "ಯಾರ್ರೀ ರೈಟ್ ಕೊಟ್ಟಿದ್ದು?" ಎಂದ. ಎಲ್ಲರೂ ಅಣ್ಣಯ್ಯನತ್ತ ಕೈ ತೋರಿಸಿದರು. ನಾನು ಕಾಯಿಲೆಯ ವಿಷಯ, ಕಾಲಿನ ವಿಷಯ, ಹಳೆಯ ಕೆಲಸದ ವಿಷಯ ಎಲ್ಲ ಹೇಳಿದೆ. ಡ್ರೈವರು ಅಣ್ಣಯ್ಯನನ್ನು ಮೇಲಿಂದ ಕೆಳಗೆ ನೋಡಿ, "ತಪ್ಪು ನಂದಲ್ಲ ಮತ್ತೆ. ಆ ಸ್ವರ ಕೇಳಿದ್ರೆ ಯಾವ ಡ್ರೈವರಾದ್ರೂ ಹೊರಡ್ಬೇಕು" ಎಂದ. ಅಣ್ಣಯ್ಯನ ಮುಖದಲ್ಲಿ ವರ್ಷಗಳಿಂದ ಕಾಣದ ನಗು ಬಾಯಿಯ ಒಂದು ಬದಿಯಲ್ಲಿ ಮೂಡಿತು. ಟಿಕೆಟ್ ತೆಗೆದುಕೊಂಡ. ಕಿಟಕಿಯ ಹತ್ತಿರ ಕೂತು ಬಹಳ ಹೊತ್ತಿನ ಮೇಲೆ ನನ್ನ ಕಿವಿಯ ಬಳಿ, "ಬಸ್ ಹೊರಡ್ತು ಕಣೆ" ಎಂದ. ಅಷ್ಟೇ.

ಮೇಡಂ ಕೇಳಿ ನಕ್ಕರು, ಗದರಿಸಿದರು ಕೂಡ. ಒಮ್ಮೊಮ್ಮೆ ಅವಸರಕ್ಕೆ, ಗಾಬರಿಗೆ ಹೀಗೆ ಓಡಿಬಿಡುತ್ತಾರೆ, ಅದನ್ನೇ ನಂಬಿ ಓಡಿಸಬೇಡಿ, ಬೀಳುತ್ತಾರೆ ಎಂದರು. ನಿಜ. ಕಾಯಿಲೆ ಎಲ್ಲಿಗೂ ಹೋಗಿಲ್ಲ. ಮಾತ್ರೆಯ ಕಾವು ಇಳಿದ ಹೊತ್ತಿನಲ್ಲಿ ಅಣ್ಣಯ್ಯ ಈಗಲೂ ಮಂಚದ ಪಕ್ಕದಲ್ಲಿ ಗಟ್ಟಿಯಾಗಿ ನಿಂತುಬಿಡುತ್ತಾನೆ, ಯಾವ ರೈಟಿಗೂ ಬಗ್ಗುವುದಿಲ್ಲ. ಅಂಥ ದಿನಗಳಲ್ಲಿ ನಾನು ಬಚ್ಚಲಿನ ಒಳಗೆ ಹೋಗಿ ಅತ್ತು ಬಂದದ್ದೂ ಇದೆ. ಆದರೆ ಬಸ್ಸಿನವರು ಒಂದು ಉಪಾಯ ಮಾಡಿಕೊಂಡಿದ್ದಾರೆ, ಬೇರೆ ಯಾವ ದಾರಿಯಲ್ಲೂ ಇಂಥ ಕಾನೂನು ಇರಲಾರದು. ಅಣ್ಣಯ್ಯ ಹತ್ತುವಾಗಲೂ ಇಳಿಯುವಾಗಲೂ ಮೊದಲ ರೈಟ್ ಅವನ ಕಾಲಿಗೆ. ಅದನ್ನು ಅವನೇ ಕೂಗುತ್ತಾನೆ, ಡ್ರೈವರ್ ಕದಲುವುದಿಲ್ಲ. ಎರಡನೆಯ ರೈಟ್ ಬಸ್ಸಿಗೆ. ಕಾಲು ಸರಿಯಾಗಿ ಊರಿದ ಮೇಲೆ ಅದನ್ನೂ ಅವನೇ ಕೊಡಬೇಕೆಂದು ಕಂಡಕ್ಟರ್ ಬಿಟ್ಟುಕೊಟ್ಟಿದ್ದಾನೆ.

ಇವತ್ತು ಅಣ್ಣಯ್ಯ ಮೊದಲ ಸಲ ತೀರ್ಥಹಳ್ಳಿಗೆ ಒಬ್ಬನೇ ಹೋಗಿದ್ದಾನೆ. ಬರುತ್ತೇನೆ ಎಂದವಳನ್ನು, "ನೀನು ಹೊಲ್ಕೊಂಡಿರು" ಎಂದು ಗೇಟಿನಲ್ಲೇ ನಿಲ್ಲಿಸಿದ. ಬೆಳಿಗ್ಗೆಯಿಂದ ಒಂದು ರವಿಕೆಯ ತೋಳನ್ನು ಎರಡು ಸಲ ತಿರುಗಾಮುರುಗಾ ಹೊಲಿದು ಬಿಚ್ಚಿದ್ದೇನೆ. ಮೊದಲಾಗಿದ್ದರೆ ಇಷ್ಟು ಹೊತ್ತಿಗೆ ಸ್ಟ್ಯಾಂಡಿನಲ್ಲಿ ಕಾಯುತ್ತಾ ನಿಂತಿರುತ್ತಿದ್ದೆ. ಇವತ್ತು ಹೋಗಲಿಲ್ಲ. ಸಂಜೆಯ ಬಸ್ಸು ನಮ್ಮ ಮನೆಗಳ ಮುಂದೆಯೇ ಹಾದು ಸ್ಟ್ಯಾಂಡಿಗೆ ಹೋಗುತ್ತದೆ, ಇಲ್ಲಿ ಸ್ಟಾಪಿಲ್ಲ. ಅದರ ಸದ್ದು ಈಗ ಕೇಳುತ್ತಿದೆ. ಅತ್ತಿಗೆ ಗೇಟಿಗೆ ಓಡಿದಳು. ನಾನು ಮಷಿನ್ನಿನ ಮುಂದಿಂದ ಏಳಲಿಲ್ಲ, ಎದ್ದರೆ ಓಡುತ್ತೇನೆಂದು ಗೊತ್ತು. "ಹೋಲ್ಡಾನ್" ಎಂಬ ಕೂಗು ಕೇಳಿತು. ಬ್ರೇಕು ಕಿರುಗುಟ್ಟಿತು. ಸ್ವಲ್ಪ ಹೊತ್ತು ಇಂಜಿನ್ನಿನ ಗುರುಗುರು ಬಿಟ್ಟರೆ ಏನೂ ಇಲ್ಲ. "ರೈಟ್" ಎಂದಿತು ಅಣ್ಣಯ್ಯನ ಸ್ವರ. ಬಸ್ಸು ನಿಂತೇ ಇತ್ತು. ನಾನು ಪೆನ್ನು ಹಿಡಿದುಕೊಂಡು ಕೂತೆ. ಇಳಿಯುವುದೇ ಅವನಿಗೆ ಹೆಚ್ಚು ಕಷ್ಟ.

"ರೈಟ್, ಹೋಗ್ಲಿ." ಬಸ್ಸು ಹೊರಟಿತು.